ಹೊರಗಿನಿಂದ ಮೂರನೆಯ ಗೆರೆ

ಕಪ್ಪೆಯ ವಯಸ್ಸು ಎಣಿಸಲು ಅದರ ಕಾಲ್ಬೆರಳಿನ ತುದಿಯಷ್ಟೇ ನಮಗೆ ಸಾಕು. ಅದನ್ನು ತೆಗೆದುಕೊಂಡು ಕಪ್ಪೆಯನ್ನು ನೀರಿಗೆ ಬಿಡುತ್ತೇವೆ. ಎಲುಬನ್ನು ಮೆತ್ತಗೆ ಮಾಡಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿದರೆ ಉಂಗುರದಂಥ ಗೆರೆಗಳು ಕಾಣುತ್ತವೆ. ಬೇಸಿಗೆಯಲ್ಲಿ ಕಪ್ಪೆ ಮಣ್ಣೊಳಗೆ ಮಲಗುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಒಂದು ಗೆರೆ ಬೀಳುತ್ತದೆ. ಆ ನಿದ್ದೆಗಳನ್ನು ಎಣಿಸಿ ಎಣಿಸಿ ನಾನೂ ಅರ್ಧ ನಿದ್ದೆಯಲ್ಲೇ ಓಡಾಡುತ್ತಿದ್ದೆ. ಗೆರೆಗಳ ನಡುವಿನ ಬಿಳುಪಿನಲ್ಲಿ ಹಳೆಯ ಮಳೆಗಳ ಸದ್ದು ಕೇಳಿದಂತಾಗುತ್ತಿತ್ತು.

ಎಲ್ಲೆಡೆ ಕಾಣೆಯಾಗುತ್ತಿರುವ ಒಂದು ಸಣ್ಣ ಜಾತಿಯ ಕಪ್ಪೆ ತಡಸದ ಸಾವಂತ್ರವ್ವನ ಹೊಲದ ಹೊಂಡದಲ್ಲಿ ಉಳಿದಿತ್ತು. ನಾಲ್ಕು ಮಳೆಗಾಲದ ಹಿಂದೆ, ಕಳೆಗೆ ಔಷಧಿ ಹೊಡೆದ ಮರುದಿನ ಗೊದಮೊಟ್ಟೆಗಳು ಸತ್ತು ತೇಲಿದ್ದನ್ನು ಆಕೆ ಕಂಡಳು. ಮರುವರ್ಷದಿಂದ ಔಷಧಿ ನಿಲ್ಲಿಸಿ, ಮೂರು ಮಳೆಗಾಲ ಕೈಯಲ್ಲೇ ಕಳೆ ಕಿತ್ತು ಸೊಂಟ ಕಳೆದುಕೊಂಡಳು. ಔಷಧಿ ನಿಲ್ಲಿಸಿದ ಮೇಲೆ ಒಂದು ಕಪ್ಪೆಯೂ ಹುಟ್ಟಿರದಿದ್ದರೆ ಈ ವರ್ಷ ಔಷಧಿಯ ಪಂಪು ಹೊರಗೆ ತೆಗೆಯುವುದಾಗಿ ಮಗ ಸುಭಾಸ ಹೇಳಿದ್ದ.

ಆರಿದ್ರ ಮಳೆಯ ತುಂತುರಿನ ಬೆಳಗ್ಗೆ ಹನ್ನೊಂದು ಕಪ್ಪೆಗಳ ಎಲುಬಿನ ಫೋಟೋ ಅವರ ಮನೆಯ ಕಟ್ಟೆಯ ಮೇಲೆ ನಾನು ಹರಡಿದೆ. ತೀರಾ ಚಿಕ್ಕದಕ್ಕೂ ನಾಲ್ಕು ಗೆರೆ. ಅಂದರೆ ನಾಲ್ಕು ಬೇಸಿಗೆ ಕಂಡದ್ದು, ಔಷಧಿ ನಿಲ್ಲಿಸುವ ಮೊದಲೇ ಹುಟ್ಟಿದ್ದು. ನಿಲ್ಲಿಸಿದ ಮೇಲೆ ಒಂದೂ ಹುಟ್ಟಿಲ್ಲವೆಂದೆ. ದನಿಯಲ್ಲಿ ಓದಿದವಳ ಬಿಂಕವಿತ್ತು, ಅದಕ್ಕೆ ಈಗಲೂ ನಾಚಿಕೆ. ಸುಭಾಸ ಪಂಪಿನ ಕಡೆ ನೋಡಿದ.

ಸಾವಂತ್ರವ್ವ ಮಾತ್ರ ಫೋಟೋ ಬಿಡಲಿಲ್ಲ. ಹೊರಗಿನದು ಈ ಬೇಸಿಗೆ, ಅದರೊಳಗಿನದು ಹೋದ ಬೇಸಿಗೆ ಎಂದು ಕನಸಿನಲ್ಲಿದ್ದವಳಂತೆ ಗುನುಗುತ್ತ ಬೆರಳಾಡಿಸಿದಳು. ಮೂರನೆಯದರ ಮೇಲೆ ಬೆರಳು ನಿಂತಿತು. ಆ ಗೆರೆ ತೆಳುವಾಗಿ, ಅಳಿಸಿದ ಹಾಗಿತ್ತು.

“ಇದು ಬ್ಯಾಸಗಿದಲ್ಲ ನೀಲಾ. ಹ್ವಾದ ವರ್ಷದ ಹಿಂದಿನ ವರ್ಷ ಪೀಕು ಮೊಣಕಾಲಿಗೆ ಬಂದಾಗ ಮಘಿ ಮಳಿ ಕೈಕೊಡ್ತು, ಹೊಂಡ ಬಿರುಕು ಬಿಡ್ತು. ಉತ್ರಿ ಮಳಿಗೆ ಕಪ್ಪಿ ಮತ್ತ ಎದ್ದು ಒದರಿದ್ವು. ಒಂದ ವರ್ಷದಾಗ ಎರಡ ಸಲ ಮಲಗ್ಯಾವ.”

ನನಗೆ ನಗು ಬಂದಿತ್ತು. ಆದರೂ ಉಳಿದ ಹತ್ತು ಫೋಟೋ ತಿರುವಿದೆ. ಎಲ್ಲದರಲ್ಲೂ ಹೊರಗಿನಿಂದ ಮೂರನೆಯದೇ ತೆಳು. ವರ್ಷಕ್ಕೆ ಒಂದೇ ಗೆರೆಯೆಂದು ಕಣ್ಣು ಮುಚ್ಚಿ ಎಣಿಸಿದ್ದು ನನ್ನ ತಪ್ಪು. ಚಿಕ್ಕ ಕಪ್ಪೆ ಕಂಡಿದ್ದು ಮೂರೇ ಬೇಸಿಗೆ. ಆಕೆ ಔಷಧಿ ನಿಲ್ಲಿಸಿದ ವರ್ಷವೇ ಅದು ಹುಟ್ಟಿತ್ತು. ಸುಭಾಸನಿಗೆ ಮತ್ತೆ ಮೊದಲಿನಿಂದ ಎಣಿಸಿ ತೋರಿಸಿದೆ.

ಸಾವಂತ್ರವ್ವ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದಳು.

“ಹಂಗಾರ ಈ ವರ್ಷಾನೂ ನಾನ ಬಗ್ಗಬೇಕು.”

ಸುಭಾಸ ಒಳಗಿನಿಂದ ಕಳೆ ತೆಗೆಯುವ ಕುರ್ಪಿ ತಂದ. ತಾಯಿ ಕೈಚಾಚಿದಳು. ಅವನು ಕೊಡಲಿಲ್ಲ, ಆಕೆಯನ್ನು ಮತ್ತೆ ಕಟ್ಟೆಯ ಮೇಲೆ ಕೂರಿಸಿ, ತಾನೇ ಹೊಲಕ್ಕಿಳಿದು ಮೊದಲ ಸಾಲಿಗೆ ಬಗ್ಗಿದ.