ಗೇಲಿ ನಂಟು

ಗೋಡೆಯ ಬಣ್ಣ ಇನ್ನೂ ಹಸಿಯಾಗಿತ್ತು. ತಳ ಸೀದ ಪಾತ್ರೆಯನ್ನು ಹೊರಗಿನಿಂದಷ್ಟೇ ಬೂದಿ ಹಾಕಿ ತಿಕ್ಕಿ, ಯಾರೂ ನೋಡದ ಹಾಗೆ ಬೋರಲು ಹಾಕಿಬಿಡುವವರನ್ನು ದಾಬಾ ತನ್ನ ಮನೆಯಲ್ಲೇ ಕಂಡಿದ್ದಳು. ಈ ಕಟ್ಟಡವೂ ಅವಳಿಗೆ ಹಾಗೇ ಕಂಡಿತು. ತಮ್ಮ ವಿರುದ್ಧ ಪಿಸುಗುಟ್ಟುವವರ ಮೇಲೆ ಕಣ್ಣಿಡಲು ಬಿಳಿಯರು ಕಟ್ಟಿಸಿದ ಗುಪ್ತಚರ ಕಚೇರಿ ಇದು. ಅವರು ಹಡಗು ಹತ್ತಿದ ದಿನ ಬೀಗದ ಕೈ ನಮ್ಮವರ ಸೊಂಟಕ್ಕೆ ಬಂತು, ಕೋಣೆಗಳು ಹಾಗೇ ಉಳಿದವು. ಈಗ ಹಳೆಯ ಅಧ್ಯಕ್ಷನೂ ಓಡಿಹೋಗಿ, ಕಚೇರಿಗೆ ಹೊಸ ಹೆಸರು, ಹೊಸ ಫಲಕ ಬಂದಿತ್ತು. ಒಳಗಿದ್ದವರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸಲು ಮೂವರ ಸಮಿತಿ: ನಿವೃತ್ತ ನ್ಯಾಯಾಧೀಶ ತುರೆ, ಡಾಕ್ಟರ್ ಕೊಂಟೆ, ಮತ್ತು ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ದಾಬಾ.

ಇವತ್ತು ಅನ್ಸುಮಾನಾ ಬಾಜಿಯ ಸರದಿ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಜನರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸುವ ತರಬೇತಿ ಶಾಲೆಗೆ ಇವನನ್ನೇ ಮುಖ್ಯಸ್ಥನನ್ನಾಗಿ ಮಾಡಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತು. ದಾಬಾಳ ಶಾಲೆಯಲ್ಲಿ ಕಲಿತ ಇಬ್ಬರು ಹುಡುಗಿಯರೂ ಆ ಶಾಲೆಗೆ ಆಯ್ಕೆಯಾಗಿದ್ದರು.

ಬಾಜಿ ಬಾಗಿಲಲ್ಲೇ ನಿಂತು ದಾಬಾಳ ಕಡೆ ಕೈ ಚಾಚಿದ.

"ಅಯ್ಯಯ್ಯೋ, ನಮ್ಮ ಮನೆ ಜೀತದವಳನ್ನ ಕುರ್ಚಿ ಮೇಲೆ ಕೂರಿಸಿದವರು ಯಾರಪ್ಪಾ? ಏ ಸೆರೆರ್, ಏಳೇ, ನನಗೆ ನೀರು ತಗೊಂಡು ಬಾ!"

ಕೋಣೆಯೆಲ್ಲ ನಕ್ಕಿತು. ದಾಬಾಳ ನಾಲಿಗೆಯೂ ಸುಮ್ಮನಿರಲಿಲ್ಲ.

"ಬಾಯಿ ಮುಚ್ಚೋ ಜೋಲಾ! ಬೆಳಿಗ್ಗೆ ಯಾರ ಮನೆ ಅನ್ನ ಕದ್ದು ತಿಂದು ಬಂದೆ? ಮೀಸೆಗೆ ಇನ್ನೂ ಅಂಟಿದೆ."

ಜೋಲಾ ಕುಲದವರಿಗೂ ಸೆರೆರ್ ಕುಲದವರಿಗೂ ಈ ಗೇಲಿ ನಂಟು ಮುತ್ತಜ್ಜಂದಿರ ಕಾಲದ್ದು. ಒಬ್ಬರನ್ನೊಬ್ಬರು ಜೀತದಾಳು ಎನ್ನಬಹುದು, ಅನ್ನಗಳ್ಳ ಎನ್ನಬಹುದು, ಯಾರೂ ಸಿಟ್ಟಾಗುವಂತಿಲ್ಲ. ನಂಟರು ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ನಂಟರ ಮೈಗೆ ನೋವು ಮಾಡುವುದಂತೂ ಯಾರೂ ನೆನೆಸದ ಮಾತು.

ನಗದೆ ಕುಳಿತಿದ್ದವಳು ಒಬ್ಬಳೇ, ಕಿಟಕಿಯ ಪಕ್ಕದ ಸಿರಾ. ದೋಣಿಕಟ್ಟೆಯಲ್ಲಿ ಅಧ್ಯಕ್ಷನ ತೋಟದ ಬಗ್ಗೆ ಒಂದು ಮಾತಾಡಿದ್ದಕ್ಕೆ ಅವಳ ಗಂಡ ವಾಲಿ ಫಾಯ್‌ನನ್ನು ಇಲ್ಲಿಗೆ ತಂದಿದ್ದರು. ತಿಂಗಳಾದ ಮೇಲೆ ಹೆಣ ಕೊಟ್ಟರು. ಬಾಜಿಯ ವಿರುದ್ಧ ಹೇಳಲು ಬಂದಿದ್ದವಳು ಅವಳೊಬ್ಬಳೇ.

"ನೀವು ಹಿಂಭಾಗದ ಕಟ್ಟಡದಲ್ಲಿ, ಹಿಡಿದು ತಂದವರನ್ನ ಇಡ್ತಿದ್ದ ಕಡೆ, ಕೆಲಸ ಮಾಡಿದ್ರಾ?" ಎಂದು ತುರೆ ಕೇಳಿದರು.

"ಇಲ್ಲ ಸ್ವಾಮಿ. ನಾನು ಗಾಡಿ ವಿಭಾಗದವನು. ಜೀಪು, ಡೀಸೆಲ್ಲು, ಟೈರು. ಆ ಕಡೆ ತಲೆ ಹಾಕಿದವನಲ್ಲ. ಅದೂ ಅಲ್ದೆ ವಾಲಿ ಸೆರೆರ್ ಅಲ್ವಾ? ನನ್ನ ನಂಟ. ನಂಟನ ಮೈಮೇಲೆ ಕೈ ಹಾಕಿದ್ರೆ ಈ ಕೈ ಕೊಳೆತು ಬೀಳ್ತಿರಲಿಲ್ವಾ?" ಅವನು ತನ್ನ ದಪ್ಪ ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಆಡಿಸಿದ.

ಎಲ್ಲರೂ ತಲೆದೂಗಿದರು. ದಾಬಾಳ ತಲೆಯೂ ತೂಗಿತು.

ಸಿರಾ ಎದ್ದಳು. ಅವಳು ನ್ಯಾಯಾಧೀಶರನ್ನು ನೋಡಲಿಲ್ಲ, ದಾಬಾಳನ್ನು ನೋಡಿದಳು.

"ಅಕ್ಕಾ, ನಮ್ಮನೆಯವರು ಹೋಗುವಾಗ ಕಂಬದ ಹಾಗೆ ನೆಟ್ಟಗೆ ನಡೆದು ಹೋದ್ರು. ನಲವತ್ತನೇ ದಿನದ ಊಟಕ್ಕೆ ಇವನು ನಂಟ ಅಂತ ಬಂದ. ಪದ್ಧತಿ ಪ್ರಕಾರ ಅವರ ಅಂಗಿ ಹಾಕ್ಕೊಂಡು, ಅವರ ಹಾಗೆ ನಡೆದು ತೋರಿಸಿ ಎಲ್ಲರನ್ನೂ ನಗಿಸಿದ. ಎಡಗಾಲಿನ ಹಿಮ್ಮಡಿ ಎಳೀತಿದ್ದ. ಒಂದು ಮಣಿಕಟ್ಟನ್ನ ಇನ್ನೊಂದು ಕೈಯಲ್ಲಿ ಎತ್ತಿ ಹಿಡ್ಕೊಂಡಿದ್ದ. ಇವರು ಹೀಗೆಲ್ಲಿ ನಡೀತಿದ್ರು, ಸುಮ್ನೆ ಕೋಡಂಗಿಯಾಟ ಅಂತ ನಾನೂ ನಕ್ಕೆ. ಹೆಣ ತೊಳೆದಿದ್ದ ನನ್ನ ಮೈದುನ ಮಾತ್ರ ಅನ್ನ ಮುಟ್ಟಲಿಲ್ಲ. ಯಾಕೋ ಅಂದ್ರೆ, ಅತ್ತಿಗೆ, ಅಣ್ಣನ ಮಣಿಕಟ್ಟು ಮುರಿದಿತ್ತು, ಎಡ ಹಿಮ್ಮಡಿ ಊದಿ ಕಪ್ಪಗಾಗಿತ್ತು, ನಿಮಗೆ ಹೇಳೋಕೆ ಬಾಯಿ ಬರಲಿಲ್ಲ ಅಂದ."

"ಆ ಮೈದುನ ಎಲ್ಲಿ?" ಎಂದರು ತುರೆ.

"ದೋಣಿ ಹತ್ತಿ ಹೋದವನು. ಸಮುದ್ರದಾಚೆಯಿಂದ ಸುದ್ದಿಯಿಲ್ಲ."

ತುರೆ ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ಗೇಲಿಯಲ್ಲಿ ಆಡಿದ್ದನ್ನ ಅಂಗಳದಾಚೆ ತರಬಾರದು. ಅದು ನಿನಗೂ ಗೊತ್ತು. ಸಾವಿನ ಮನೆಯ ತಮಾಷೆನ ಸಾಕ್ಷಿ ಅಂತ ನಾನು ಹೇಗೆ ಬರ್ಕೊಳ್ಳಲಿ?"

ಬಾಜಿ ಜೇಬಿನಿಂದ ಅಡಿಕೆಯ ಹಾಗೆ ಜಗಿಯುವ ಕೋಲಾ ಕಾಯಿ ತೆಗೆದು ನೆಮ್ಮದಿಯಾಗಿ ಕಚ್ಚಿದ. ಕೆಂಪು ರಸ ತುಟಿಯಂಚಿಗೆ ಬಂತು. ಅದನ್ನು ನಾಲಿಗೆಯಿಂದ ಸವರಿಕೊಂಡ. ಈಗಷ್ಟೇ ಅವನೊಂದಿಗೆ ಆಡಿದ ಅನ್ನದ ಮಾತು ದಾಬಾಳ ಬಾಯಲ್ಲಿ ಹಳಸಿದ ತುತ್ತಿನ ಹಾಗೆ ಉಳಿದಿತ್ತು. ಉಗುಳಬೇಕೆನಿಸಿತು. ಅದರ ಬದಲು ನಕ್ಕಳು.

"ಏ ಜೋಲಾ, ಅಷ್ಟು ಚೆನ್ನಾಗಿ ನಗಿಸ್ತೀಯಾ ನೀನು? ನಾನು ನೋಡೇ ಇಲ್ವಲ್ಲ. ಸ್ವಲ್ಪ ಮಾಡಿ ತೋರಿಸು."

"ಇಲ್ಲಿ? ಬೇಡ ಬಿಡೇ."

"ನಿನ್ನ ಒಡತಿ ಕೇಳ್ತಿದೀನಿ. ನಂಟರು ಕೇಳಿದ್ದಕ್ಕೆ ಇಲ್ಲ ಅಂತೀಯಾ?"

ಹಿಂದಿನ ಬೆಂಚಿನಲ್ಲಿ ತಮ್ಮ ಸರದಿಗಾಗಿ ಕಾದಿದ್ದ ಏಳೆಂಟು ಅಧಿಕಾರಿಗಳು "ಮಾಡೋ, ಮಾಡೋ" ಎಂದರು. ಬಾಜಿ ಜಾಣ. ಎದ್ದು, ಎದೆಯುಬ್ಬಿಸಿ, ನೆಟ್ಟಗೆ ನಾಲ್ಕು ಹೆಜ್ಜೆ ನಡೆದ. ಯಾರೂ ನಗಲಿಲ್ಲ. ಒಬ್ಬ ಆಕಳಿಸಿದ.

"ಇಷ್ಟೇನಾ?" ಎಂದಳು ದಾಬಾ. "ನಮ್ಮನೆ ಮೇಕೆ ಇದಕ್ಕಿಂತ ಚೆನ್ನಾಗಿ ನಡೆಯುತ್ತೆ. ಇದಕ್ಕಾ ಜನ ನಕ್ಕಿದ್ದು? ಪಾಪ, ಊಟ ಹಾಕಿದಾರಲ್ಲ ಅಂತ ನಕ್ಕಿರಬೇಕು."

ಬಾಜಿಯ ಮುಖ ಕಪ್ಪಿಟ್ಟಿತು. ಎಲ್ಲಿ ಹೋದರೂ ನಗಿಸಿಯೇ ಬರುತ್ತಿದ್ದ ಮನುಷ್ಯ ಅವನು. ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದ. ಆಮೇಲೆ ಅವನ ಎಡಗಾಲು ತಾನಾಗಿ ಹಿಂದುಳಿಯಿತು. ಹಿಮ್ಮಡಿ ನೆಲ ಸವರಿತು. ಎಡಗೈಯಿಂದ ಬಲ ಮಣಿಕಟ್ಟನ್ನು ಎತ್ತಿ, ಮಗುವನ್ನು ಎತ್ತಿಕೊಂಡ ಹಾಗೆ, ಎದೆಗೆ ಹಿಡಿದ.

ಬೆಂಚು ಗೊಳ್ಳೆಂದಿತು. ಅದು ಹೊಸದನ್ನು ಕಂಡವರ ನಗುವಲ್ಲ. ಚೆನ್ನಾಗಿ ಗೊತ್ತಿರುವುದನ್ನು ಮತ್ತೆ ಕಂಡವರ ನಗು. "ನೀರಿಂದು ಮಾಡೋ ಬಾಜಿ, ನೀರಿಂದು!" ಎಂದು ಒಬ್ಬ ತೊಡೆ ತಟ್ಟಿ ಕೂಗಿದ.

ಬಾಜಿ ಬಾಯಾರಿದವನ ಹಾಗೆ ನಾಲಿಗೆ ಚಾಚಿ, ತೆಳ್ಳನೆಯ ದನಿಯಲ್ಲಿ, "ನಂಟಾ, ಒಂದೇ ಗುಟುಕು ಕೊಡೋ, ನಂಟಾ" ಎಂದ. ಒಬ್ಬನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಸಿರಾ ಕಿಟಕಿಯ ಕಂಬಿ ಹಿಡಿದುಕೊಂಡಳು.

ದಾಬಾ ಆ ಬೆಂಚನ್ನು ನೋಡಿದಳು. ಹಿತ್ತಲಿನ ಒದ್ದೆ ಕಲ್ಲು ಎತ್ತಿದರೆ ಅಡಿಯಲ್ಲಿ ಗಿಜಿಗುಡುವ ಬಿಳಿ ಹುಳುಗಳು ನೆನಪಾದವು. ಇವರೆಲ್ಲ ಆ ದನಿ ಕೇಳಿದವರು. ಒಬ್ಬನೂ ಆ ಗುಟುಕು ಕೊಟ್ಟವನಲ್ಲ. ಸಮಿತಿಯ ಮೂವರಲ್ಲಿ ಯಾರೂ ನಗುತ್ತಿಲ್ಲ ಎಂದು ತಿಳಿಯುತ್ತಿದ್ದಂತೆ ಒಂದೊಂದೇ ಬಾಯಿ ಮುಚ್ಚಿತು.

ಡಾಕ್ಟರ್ ಕೊಂಟೆ ಮೆಲ್ಲಗೆ ಕೇಳಿದರು: "ಗಾಡಿ ವಿಭಾಗದಲ್ಲಿ ನಿನ್ನ ಹತ್ರ ನೀರು ಕೇಳಿದ್ದು ಯಾರಪ್ಪಾ? ಜೀಪಾ?"

"ತಮಾಷೆ ಸ್ವಾಮಿ, ಬರೀ ತಮಾಷೆ..."

ತುರೆ ಗಂಟಲು ಸರಿಮಾಡಿಕೊಂಡರು. "ಒಂದು ಲೋಟ ಚಹಾ ಕುಡಿದು ಆಮೇಲೆ ನೋಡೋಣ."

"ನನಗೆ ಇಲ್ಲಿ ಏನೂ ಗಂಟಲಲ್ಲಿ ಇಳಿಯಲ್ಲ" ಎಂದಳು ದಾಬಾ. "ನನ್ನ ತೀರ್ಮಾನ ಈಗಲೇ ಬರ್ಕೊಳ್ಳಿ. ಇವನು ಬೇಡ. ಶಾಲೆಗೂ ಬೇಡ, ಗೇಟಿಗೂ ಬೇಡ. ಆ ಬೆಂಚೂ ಬೇಡ."

"ಎಲ್ಲರನ್ನೂ ಕಳಿಸಿಬಿಟ್ರೆ ಕಚೇರಿ ನಡೆಸೋರು ಯಾರಮ್ಮಾ? ದೇಶಕ್ಕೆ ಕಣ್ಣು ಕಿವಿ ಬೇಡ್ವಾ?"

"ಸ್ವಲ್ಪ ದಿನ ಖಾಲಿ ಇರಲಿ. ಕೋಣೆಗಳಲ್ಲಿ ಗಾಳಿಯಾದರೂ ಆಡಲಿ."

ಕೊಂಟೆ ಕೈ ಎತ್ತಿದರು. ಇಬ್ಬರಾದರು. ತುರೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು, ಕೊನೆಗೆ ಬರೆದರು.

"ಏನೇ ನಂಟೀ," ಬಾಜಿ ಗೋಗರೆದ, "ಗೇಲಿಗೆ ಯಾರಾದ್ರೂ ಸಿಟ್ಟಾಗ್ತಾರಾ? ಪದ್ಧತಿ ಮುರೀತೀಯಾ?"

ಉತ್ತರ ಕೊಡಬೇಕಾದವಳು ಕಿಟಕಿಯಿಂದ ನಡೆದು ಬಂದು ಅವನ ಮುಂದೆ ನಿಂತಿದ್ದಳು. ಅವನಿನ್ನೂ ಒಂದು ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಎದೆಗೆ ಹಿಡಿದೇ ಇದ್ದ, ಮರೆತಿದ್ದ.

"ಕೈ ಇಳಿಸೋ" ಎಂದಳು ಸಿರಾ. "ಅದು ನಮ್ಮನೆಯವರ ಕೈ."