ಪಂಕ್ತಿಯ ಹಿರಿಯನ ಹೊಟ್ಟೆ

ಪಂಕ್ತಿಯಲ್ಲಿ ಕುಳಿತ ಹಿರಿಯ ಏಳುವವರೆಗೆ ಬೇರಾರೂ ಏಳಬಾರದು. ಆತ ಎದ್ದೊಡನೆ ಎಲೆಯಲ್ಲಿ ಏನೇ ಉಳಿದಿರಲಿ, ಎಲ್ಲರೂ ಏಳಬೇಕು. ಎಪ್ಪತ್ತಮೂರರ ದೊಡ್ಡಸಿದ್ದಯ್ಯನಿಗೆ ಈ ನಿಯಮವೆಂದರೆ ವೇದವಾಕ್ಯ. ತನ್ನೂರು ಕಳಲೆಯಲ್ಲಿ ಅದನ್ನು ಮುರಿದವರಿಗೆ ಆತ ಊರ ಮುಂದೆಯೇ ನೀರಿಳಿಸಿದ್ದ.

2003ರ ಏಪ್ರಿಲ್ ಕೊನೆಯಲ್ಲಿ ಮೊಮ್ಮಗನ ಬೀಗರೂಟಕ್ಕೆ ತಿ. ನರಸೀಪುರಕ್ಕೆ ಹೊರಟ ಆತನನ್ನು, ನರ್ಸಿಂಗ್ ಓದುತ್ತಿದ್ದ ಮೊಮ್ಮಗಳು ಕೋಮಲ ತಡೆದಳು.

“ತಾತ, ವಯಸ್ಸಾದ್ ಮೈ ಇಂಥಾ ಬಿಸ್ಲು ತಡಿಯಾಕಿಲ್ಲ. ಮೈ ತಣ್ಣಗಾಗ್ಲಿ ಅಂತ ರಕ್ತ ಚರ್ಮದ್ ಕಡೆ ಓಯ್ತದೆ, ಕರುಳಿಗೆ ಕಮ್ಮಿ ಆಯ್ತದೆ. ಆಗ ಕರುಳು ಸೋಲ್ತದೆ. ಒಂದೇ ಮುದ್ದೆ ಉಣ್ಣು.”

“ಓಗವ್ವ! ಈ ಒಟ್ಟೆ ನಿನ್ ಪುಸ್ತಕಕ್ಕಿಂತ ಮುಂಚೆ ಉಟ್ಟಿದ್ದು. ಇದೇ ಬಿಸ್ಲಲ್ಲಿ ಗದ್ದೆ ಉತ್ತು ಐದ್ ಮುದ್ದೆ ಉಂಡಿವ್ನಿ.”

ಉಂಡದ್ದು ಐವತ್ತು ವರ್ಷದ ಹಿಂದಿನ ಹೊಟ್ಟೆ ಎಂಬ ಸರಳ ಸತ್ಯ ಆತನಿಗೆ ಹೊಳೆಯಲಿಲ್ಲ. ತಲೆ ನರೆತದ್ದನ್ನು ಕನ್ನಡಿ ಹೇಳುತ್ತದೆ. ಕರುಳು ನರೆತದ್ದನ್ನು ಹೇಳುವ ಕನ್ನಡಿ ಎಲ್ಲಿದೆ?

ನಡುಮಧ್ಯಾಹ್ನ ಬಸ್ಸಿನಲ್ಲಿ ಬೆಂದು, ಶಾಮಿಯಾನದ ಕೆಳಗೆ ಪಂಕ್ತಿಯ ಹಿರಿಯನಾಗಿ ಕುಳಿತ ದೊಡ್ಡಸಿದ್ದಯ್ಯ ಎರಡನೆಯ ಮುದ್ದೆ ಮುಗಿಸುವಷ್ಟರಲ್ಲಿ ಒಳಗೆ ಗುಡುಗು ಶುರುವಾಯಿತು. ಆತ ಎರಡೂ ಕೈಯಿಂದ ಹೊಟ್ಟೆ ಅವುಚಿಕೊಂಡ. ಅಕ್ಕಪಕ್ಕದ ನಲವತ್ತು ಜನ ಆಗಷ್ಟೇ ಮಾಂಸದ ಸಾರಿಗೆ ಕೈ ಹಾಕಿದ್ದರು. ತಾನೀಗ ಎದ್ದರೆ ಅಷ್ಟೂ ಜನ ಉಪವಾಸ ಏಳಬೇಕು. ಬೀಗರ ಅಡುಗೆಗೆ ಅವಮಾನ. ಹೊಸ ನೆಂಟಸ್ತಿಕೆಗೆ ಮೊದಲ ದಿನವೇ ಬಿರುಕು.

ಇದು ಸಾಲದೆಂಬಂತೆ ಇನ್ನೊಂದು ಸಂಪ್ರದಾಯ ಮೇಲೆ ಬಿತ್ತು. ಬೀಗರೂಟದಲ್ಲಿ ಬಾಯಿಮಾತಿನ ‘ಬೇಡ’ಕ್ಕೆ ಬೆಲೆಯಿಲ್ಲ, ಅದು ನಾಚಿಕೆಯೆಂದೇ ಎಣಿಕೆ. ಎಲೆಗೆ ಕೈ ಅಡ್ಡ ಹಿಡಿದರಷ್ಟೇ ಬಡಿಸುವವರು ನಂಬುವುದು. ದೊಡ್ಡಸಿದ್ದಯ್ಯನ ಎರಡು ಕೈಗಳಿಗೂ ಬೇರೆ ಕೆಲಸವಿತ್ತು.

“ಬ್ಯಾಡ ಕಣವ್ವ, ಬ್ಯಾಡ!”

“ನಾಚ್ಕಬ್ಯಾಡಿ ಬೀಗ್ರೇ, ಉಣ್ಣಿ!” ಎಂದು ಆ ಮನೆಯ ಸೊಸೆ ರಾಚಮ್ಮ ಮೂರನೆಯ ಮುದ್ದೆ ಇಟ್ಟಳು. ಮರುಕ್ಷಣವೇ ನಾಲ್ಕನೆಯದೂ ಬಂತು.

ವಯಸ್ಸಾದವರಿಗೆ ಉರಿಬಿಸಿಲಿನಲ್ಲಿ ಬಲವಂತದಿಂದ ಬಡಿಸುವುದನ್ನು ಉಪಚಾರವೆಂದು ಕರೆಯುವ ಸಮಾಜಕ್ಕೆ ಶಿಕ್ಷೆಯೆಂಬ ಪದದ ಅರ್ಥವೇ ತಿಳಿಯದು! ಆದರೆ ತುಂಬಿದ ಪಂಕ್ತಿಯಲ್ಲಿ ಇದನ್ನು ಹೇಳುವವರಾರು? ದೊಡ್ಡಸಿದ್ದಯ್ಯ ದೇವರನ್ನು ನೆನೆದ. ಎದುರಿಗೆ ಕುಳಿತಿದ್ದ ಹೆಣ್ಣಿನ ಕಡೆಯ ಹಿರಿಯ, ರಾಚಮ್ಮನ ಮಾವ ಮಲ್ಲಯ್ಯ, ದೊಡ್ಡಸಿದ್ದಯ್ಯನನ್ನೇ ದುರುಗುಟ್ಟಿ ನೋಡುತ್ತಿದ್ದ. ಹಣೆಯಿಂದ ಬೆವರು ಹರಿದು ಮಲ್ಲಯ್ಯನ ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ‘ನಾನು ಯಾವಾಗ ಸೋಲುವೆನೆಂದು ಕಾಯುತ್ತಿದ್ದಾನೆ’ ಎಂದುಕೊಂಡ ದೊಡ್ಡಸಿದ್ದಯ್ಯ ಹಲ್ಲು ಕಚ್ಚಿದ.

ರಾಚಮ್ಮ ಐದನೆಯ ಮುದ್ದೆ ಹಿಡಿದು ಬಂದಳು.

ಮರ್ಯಾದೆ ಉಳಿಯಬೇಕಾದರೆ ಸತ್ಯ ಹೇಳಬೇಕು. ಸುಮ್ಮನಿದ್ದರೆ ಮರ್ಯಾದೆಯ ಜೊತೆಗೆ ಪಂಚೆಯೂ ಹೋಗುತ್ತದೆ. ದೊಡ್ಡಸಿದ್ದಯ್ಯ ತನ್ನ ಎಪ್ಪತ್ತಮೂರು ವರ್ಷದ ಬಿಗುಮಾನವನ್ನೆಲ್ಲ ಒಟ್ಟುಗೂಡಿಸಿ ಕೂಗಿದ:

“ಅಣ್ಣಂದಿರಾ, ಸಾರು ಚಂದಾಗದೆ, ತೆಪ್ಪೆಲ್ಲ ನನ್ ಒಟ್ಟೆದು! ಬಿಸ್ಲಿಗೆ ಕೆಟ್ಟದೆ. ನಾನ್ ಏಳ್ತೀನಿ, ನೀವ್ ಯಾರೂ ಏಳ್ಬ್ಯಾಡಿ. ಇದು ಇರಿಯನ್ ಆಣೆ!”

ದೊಡ್ಡಸಿದ್ದಯ್ಯ ಮೊಣಕಾಲೂರಿ ಏಳುವ ಮೊದಲೇ ಎದುರಿನ ಮಲ್ಲಯ್ಯ ಚಿಮ್ಮಿ ಎದ್ದ.

“ನನ್ನಪ್ಪಾ, ಆ ಮಾತ ಆಡಕ್ ಇಷ್ಟೊತ್ ಬೇಕಿತ್ತಾ? ನೀವ್ ಏಳ್ಲಿ ಅಂತಾನೇ ಕಾಯ್ತಾ ಸಾಯ್ತಿದ್ದೆ!” ಎಂದವನೇ ಪಂಚೆ ಎತ್ತಿಕಟ್ಟಿ ಹಿತ್ತಲಿಗೆ ಓಡಿದ.

ದೊಡ್ಡಸಿದ್ದಯ್ಯ ಹಿತ್ತಲು ತಲುಪುವಷ್ಟರಲ್ಲಿ ಮನೆಗಿದ್ದ ಒಂದೇ ಕಕ್ಕಸಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

“ಬೀಗ್ರೇ!” ಎಂದು ಬಾಗಿಲು ಬಡಿದ.

“ಬೀಗ್ರನ್ನ ಬಾಗ್ಲಲ್ ನಿಲ್ಸಾದು ಮಾಪಾಪ ಕಣಪ್ಪ,” ಒಳಗಿನಿಂದ ನರಳುವ ದನಿ ಬಂತು. “ಆದ್ರೆ ಈಗ್ಲೇ ಏಳಕ್ಕಾಗಾಕಿಲ್ಲ!”

ಶಾಮಿಯಾನದ ಕಡೆಯಿಂದ ನಗೆಯ ಅಲೆ ತೇಲಿಬಂತು. ನಲವತ್ತು ಜನರಲ್ಲಿ ಒಬ್ಬರೂ ಎದ್ದಿರಲಿಲ್ಲ. ಮುದ್ದೆ ಮುರಿಯುತ್ತ ಆರಾಮಾಗಿ ಉಣ್ಣುತ್ತಿದ್ದರು. ಪಕ್ಕದ ಮನೆಯ ಮುತ್ತಮ್ಮ ಬೇಲಿಯಾಚೆಯಿಂದ ತುಂಬಿದ ಚೊಂಬು ಚಾಚಿ, “ಅಣ್ಣಾ, ನಮ್ದು ಖಾಲಿ ಅದೆ, ಬೇಗ್ ಬನ್ನಿ!” ಎಂದಳು. ದೊಡ್ಡಸಿದ್ದಯ್ಯ ಚೊಂಬು ಕಸಿದುಕೊಂಡು, ಇಪ್ಪತ್ತರ ಹುಡುಗನಂತೆ ಬೇಲಿ ಹಾರಿದ.