ತುಟಿ ಸೋಕದ ಹಾಡು

ಗಾಜಿನಾಚೆ ಕೂತಿದ್ದ ಧ್ವನಿಮುದ್ರಕ ಕೈಯೆತ್ತಿ ಸನ್ನೆ ಮಾಡಿದಾಗ ಗಾಯಕಿ ಮೈಕಿನ ಹತ್ತಿರಕ್ಕೆ ಸರಿದಳು. ರಾಗ ಮೊದಲೇ ಕಲಿತಿದ್ದಳು, ಹಾಡಿನ ಹಾಳೆ ಕೈಗೆ ಬಂದದ್ದು ಮಾತ್ರ ಆ ಬೆಳಿಗ್ಗೆ ಒಳಗೆ ಬರುವಾಗ. ಬರೆದವನು ಅವಳ ತಮ್ಮ. ಒಂದು ಪಲ್ಲವಿಗೆ ತಿಂಗಳುಗಟ್ಟಲೆ ಸತಾಯಿಸುವ ಸೋಮಾರಿ ಎಂದೇ ಹೆಸರಾದವನು.

ಮುಖದ ಎಡಭಾಗಕ್ಕೆ ಲಕ್ವ ಹೊಡೆದ ಮೇಲೆ ಅವಳ ತುಟಿಗಳು ಸರಿಯಾಗಿ ಕೂಡುತ್ತಿರಲಿಲ್ಲ. ಕಂಠವೇನೋ ಮೊದಲಿನಂತೆಯೇ ಇತ್ತು. ಆದರೆ ‘ಪ’ ಎನ್ನಹೋದರೆ ಬಾಯಿಯ ಮೂಲೆಯಿಂದ ಗಾಳಿ ಪುಸ್ಸೆನ್ನುತ್ತಿತ್ತು, ‘ಮ’ ಸೋರಿಹೋಗುತ್ತಿತ್ತು. ಮೈಕು ಯಾರ ಮುಲಾಜೂ ನೋಡುವುದಿಲ್ಲ. ಹೋದ ಸಲ ಅರ್ಧಕ್ಕೇ ನಿಲ್ಲಿಸಿ ಎದ್ದು ಹೋಗಿದ್ದಳು. "ಇದೂ ಕೆಟ್ರೆ ಇನ್ನು ಹಾಡಲ್ಲ ಕಣೋ" ಎಂದು ತಮ್ಮನಿಗೆ ಹೇಳಿಯೇ ಒಳಗೆ ಬಂದಿದ್ದಳು.

ಹಾಳೆಯ ಮೇಲೆ ಕಣ್ಣಿಟ್ಟು ಎತ್ತಿಕೊಂಡಳು. "ಎಲೆ ಎಲೆಯ ಹನಿಯಲಿ ಸಣ್ಣ ಆಗಸ ಅಡಗಿದೆ..."

ಸಾಲು ಸರಾಗವಾಗಿ ಹೋಯಿತು. ಎಡವಿಸುವ ಅಕ್ಷರ ಮುಂದೆಲ್ಲೋ ಕಾದು ಕೂತಿದೆ ಎಂದು ಹೆದರಿದಳು. ಎರಡನೆಯ ಸಾಲೂ ನಿರಾಳ. ಚರಣ ಬಂತು, ಹೋಯಿತು. ನಾಲಗೆ ಹಲ್ಲಿಗೆ ತಾಗುತ್ತಿತ್ತು, ಅಂಗುಳಿಗೆ ತಾಗುತ್ತಿತ್ತು, ಗಂಟಲು ತೆರೆಯುತ್ತಿತ್ತು. ತುಟಿಗಳಿಗೆ ಮಾತ್ರ ಯಾರೂ ಕೆಲಸ ಹೇಳಿರಲಿಲ್ಲ.

ಮುಗಿದ ಮೇಲೆ ಹಾಳೆಯ ಮೇಲೆ ಬೆರಳಿಟ್ಟು ಮೊದಲಿಂದ ಹುಡುಕಿದಳು. ‘ಪ’ ಇಲ್ಲ, ‘ಬ’ ಇಲ್ಲ, ‘ಮ’ ಇಲ್ಲ, ‘ವ’ ಕೂಡ ಇಲ್ಲ. ಇಷ್ಟು ಕಳೆದುಕೊಂಡರೂ ಹಾಡು ಎಲ್ಲೂ ಬಡವಾಗಿರಲಿಲ್ಲ.

ತಮ್ಮ ಒಳಗೆ ಬಂದ.

"ಇದು ಹೇಗಾಯ್ತೋ?" ಎಂದಳು.

ಅವನು ಜೇಬಿನಿಂದ ಬೆಂಕಿಕಡ್ಡಿಯ ಒಂದು ಚೂರು ತೆಗೆದು ಎರಡು ತುಟಿಗಳ ನಡುವೆ ನೆಟ್ಟಗೆ ನಿಲ್ಲಿಸಿ ತೋರಿಸಿದ. ಮತ್ತೆ ಅದನ್ನು ತೆಗೆದು, "ಹೀಗಿಟ್ಕೊಂಡು ಒಂದೊಂದೇ ಪದ ಹೇಳ್ತಾ ಹೋದೆ. ಚುಚ್ಚಿದ ಪದ ಹೊರಗೆ. ಅಪ್ಪ ಹೋದ್ರು, ಅಮ್ಮ ಹೋದ್ಲು. ಪ್ರೀತಿ, ಹೂವು, ಮನಸ್ಸು, ಎಲ್ಲಾ ಹೋಯ್ತು. ತಲೆ ಮೇಲೆ ಕೈ ಹೊತ್ಕೊಂಡು ಕೂರೋದೇ ಗತಿ ಅಂದ್ಕೊಂಡೆ. ನೋಡಿದ್ರೆ ಇನ್ನೂ ಆಗಸ ಇತ್ತು, ನದಿ ಇತ್ತು, ಎಲೆ ಇತ್ತು" ಎಂದ. ಅವಳ ಕಡೆ ನೋಡಿ, "ಅಕ್ಕ ಇದ್ಲು" ಎಂದ.

ಅವನ ಕೆಳತುಟಿಯ ತುಂಬ ಕೆಂಪು ಚುಕ್ಕೆಗಳಿದ್ದವು. ಅವಳಿಗೆ ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ತಗೊಳ್ಳೋಣ್ವಾ?" ಧ್ವನಿಮುದ್ರಕ ಕೇಳಿದ.

ಈ ಸಲ ಅವಳು ಹಾಳೆಯಿಂದ ತಲೆಯೆತ್ತಿ ಹಾಡಿದಳು. ಗಾಜಿನಾಚೆ ಹೋಗಿ ನಿಂತಿದ್ದ ತಮ್ಮ ಕಡ್ಡಿಯನ್ನು ಮತ್ತೆ ತುಟಿಗಳ ನಡುವೆ ಇಟ್ಟುಕೊಂಡು, ಸದ್ದಿಲ್ಲದೆ ಅವಳ ಜೊತೆಗೇ ಹಾಡುತ್ತಿದ್ದ. ಕೊನೆಯ ಸಾಲಿನವರೆಗೂ ಕಡ್ಡಿ ನಿಂತೇ ಇತ್ತು.